ತುಂಬಿ ಮರಳಿದ ಕಪ್ಪು-ಬಸಿ

ಹಾಲಿನವನು ಹಾಲಿಗೆ ನೀರು ಬೆರೆಸಿದರೆ ಸುಗಂಧಾ ಹುರಕಡ್ಲಿಗೆ ಒಂದು ಅನುಮಾನ. ಬೆರೆಸದಿದ್ದರೆ, ಯಾಕೆ ಬೆರೆಸಲಿಲ್ಲ ಎಂದು ಎರಡು ಅನುಮಾನ. ಇದು ಅವಳ ಗಂಡ ಮುರುಗೇಶ ಬಂದವರ ಮುಂದೆಲ್ಲ ಹೇಳುತ್ತಿದ್ದ ಮಾತು. ಅವಳು ಅದನ್ನು ಅಲ್ಲಗಳೆದವಳಲ್ಲ. ಊರೂರಿನ ಬ್ಯಾಂಕುಗಳ ಒಳಹೊಕ್ಕು, ಜನರು ಇಟ್ಟ ಠೇವಣಿ ಇಟ್ಟಲ್ಲೇ ಇದೆಯೋ ಇಲ್ಲವೋ ಎಂದು ನೋಡುವ ಸರ್ಕಾರಿ ಕೆಲಸದಲ್ಲಿ ತಲೆ ಬೆಳ್ಳಗಾದವಳು ಇನ್ನು ಹೇಗಿರಬೇಕು? ಠೇವಣಿ ನಿಗಾ ಮಂಡಳಿಯ ಹುಬ್ಬಳ್ಳಿ ಕಚೇರಿಗೆ ಅವಳೇ ಮುಖ್ಯ ತಪಾಸಣಾಧಿಕಾರಿ. ಕಾಗದದ ನೋಟನ್ನು ವಸ್ತುಸಂಗ್ರಹಾಲಯದಲ್ಲಿ ಮಾತ್ರ ನೋಡುವ ಕಾಲ ಬಂದಿತ್ತು, ಲೆಕ್ಕವನ್ನೆಲ್ಲ ಯಂತ್ರಗಳೇ ಮಾಡುತ್ತಿದ್ದವು. ಆದರೂ ವರ್ಷಕ್ಕೊಮ್ಮೆ ಮನುಷ್ಯರಾದ ಅಧಿಕಾರಿಯೊಬ್ಬರು ಬ್ಯಾಂಕಿನ ಹೊಸ್ತಿಲು ದಾಟಿ ಕಣ್ಣಾರೆ ನೋಡಬೇಕೆಂಬ ಹಳೆಯ ಕಾನೂನು ಉಳಿದುಕೊಂಡಿತ್ತು. ಯಂತ್ರ ಮಾಡಿದವರಿಗೇ ಯಂತ್ರದ ಮೇಲೆ ಪೂರ್ತಿ ಭರವಸೆ ಇಲ್ಲ ಎಂದು ಸುಗಂಧಾ ಅದರ ಅರ್ಥ ಮಾಡಿಕೊಂಡಿದ್ದಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಮೇಲಧಿಕಾರಿ ಗುರುಸಿದ್ಧಯ್ಯನವರು ಒಂದು ಬುದ್ಧಿ ಹೇಳಿಕೊಟ್ಟಿದ್ದರು. "ಉಂಡ ಮನಿ ಗಳ ಎಣಸಬಾರದು ಅಂತಾರವಾ. ನಮ್ಮ ಕೆಲಸಾನ ಗಳ ಎಣಸೂದು. ಅದಕ್ಕ ಉಣ್ಣೂದ ಬ್ಯಾಡ. ಕುಡ್ಯಾಕ ನೀರು ಸೈತ ಮನೀದ ಒಯ್ಯಿ."

ಸುಗಂಧಾ ಒಯ್ಯುತ್ತಿದ್ದಳು. ಆದರೆ ಈ ಕಡೆಯ ಊರುಗಳಲ್ಲಿ ಮನೆಗೆ ಬಂದವರು ಚಹಾ ಬೇಡವೆಂದರೆ ಕೆನ್ನೆಗೆ ಹೊಡೆದಷ್ಟೇ ನೋವು. ಕೆಲವು ವರ್ಷ ಎಲ್ಲರ ಮುಖ ಕೆಡಿಸಿದ ಮೇಲೆ ಅವಳು ತನ್ನದೇ ಒಂದು ದಾರಿ ಕಂಡುಕೊಂಡಳು. ತಪಾಸಣೆ ನಡೆಯುವಷ್ಟು ದಿನ ಹನಿ ನೀರೂ ಮುಟ್ಟುವುದಿಲ್ಲ. ಕಡೆಯ ದಿನ ವರದಿಗೆ ಸಹಿ ಬಿದ್ದ ಮೇಲೆ, ಎಲ್ಲ ಸರಿಯಿದ್ದರೆ, ಒಂದು ಕಪ್ಪು ಚಹಾ ಕುಡಿದು ಏಳುವುದು. ಸರಿ ಇಲ್ಲದಿದ್ದರೆ "ಬ್ಯಾಡ್ರಿ" ಎಂದು ಎದ್ದುಬಿಡುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದು ತನಗೂ ಎದುರಿಗೆ ಕೂತ ಮ್ಯಾನೇಜರಿಗೂ ನಡುವಿನ ಸಂಗತಿ ಎಂದೇ ಅವಳು ತಿಳಿದಿದ್ದಳು.

ಆಮೇಲೆ 'ನಾಡಿ' ಬಂತು.

ಬ್ಯಾಂಕು ಮುಳುಗುವುದು ಲೆಕ್ಕ ತಪ್ಪಿದಾಗಲ್ಲ, ಜನ ಹೆದರಿದಾಗ. ಹಾಗಾದರೆ ಹೆದರಿಕೆಯನ್ನೇ ಅಳೆದುಬಿಟ್ಟರೆ ಹೇಗೆ? ಯಾರೋ ಪುಣ್ಯಾತ್ಮರಿಗೆ ಹೊಳೆದ ಈ ಪ್ರಶ್ನೆಯಿಂದ ಹುಟ್ಟಿದ ಯಂತ್ರ ಅದು. ಬೀದಿ ದೀಪದ ಕಂಬಗಳಲ್ಲಿ ಅದರ ಕಿವಿಗಳಿದ್ದವು. ಮಾತುಗಳನ್ನು ಕೇಳಲು ಕಾನೂನಿನ ಒಪ್ಪಿಗೆ ಇರಲಿಲ್ಲ. ದನಿಯ ನಡುಕ, ಮಾತಿನ ವೇಗ, ಬ್ಯಾಂಕಿನ ಮುಂದೆ ಸುಳಿಯುವ ಹೆಜ್ಜೆಗಳ ಅವಸರ, ಮೊಬೈಲಿನಿಂದ ಹಣ ಹಿಂದಕ್ಕೆ ಕೇಳುವವರ ಒತ್ತಡ, ಇಷ್ಟನ್ನೇ ಅದು ಹೀರಿಕೊಂಡು ಪ್ರತಿ ಊರಿನ ಪ್ರತಿ ಬ್ಯಾಂಕಿಗೂ ಒಂದು ಜ್ವರ ಹೇಳುತ್ತಿತ್ತು. ತೊಂಬತ್ತೆಂಟು ಇದ್ದರೆ ಆರೋಗ್ಯ. ನೂರಾನಾಲ್ಕು ದಾಟಿತೋ, ಬ್ಯಾಂಕಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಒಳಗಿದ್ದದ್ದು ಒಳಗೇ ಉಳಿಯುತ್ತಿತ್ತು. ವಿಶೇಷ ತನಿಖೆಯ ತಂಡ ಬಂದು ಮೂಲೆ ಮೂಲೆ ಕೆದಕಿ ಎಣಿಸುತ್ತಿತ್ತು, ಆಮೇಲೆ ಆ ಬ್ಯಾಂಕನ್ನು ಗಟ್ಟಿಯಾದ ಇನ್ನೊಂದು ಬ್ಯಾಂಕಿನ ಹೊಟ್ಟೆಗೆ ಹಾಕಲಾಗುತ್ತಿತ್ತು. ಮುಳುಗಿದ್ದಕ್ಕೂ ತೇಲುತ್ತಿದ್ದುದಕ್ಕೂ, ಒಮ್ಮೆ ಬಾಗಿಲು ಹಾಕಿದ ಮೇಲೆ ಗತಿ ಅದೇ. ಹೆಸರು ಕಳಕೊಂಡ ಬ್ಯಾಂಕು ಮತ್ತೆ ಹುಟ್ಟುವುದಿಲ್ಲ ಎಂದು ಕಾನೂನು ಬರೆದವರ ನಂಬಿಕೆ.

ನಾಡಿಯ ಮಾತಿಗೂ ಸುಗಂಧಾಳ ಮಾತಿಗೂ ತಾಳೆ ತಪ್ಪುತ್ತಿರಲಿಲ್ಲ. ಅವಳು ಕೊಳೆ ಕಂಡ ಬ್ಯಾಂಕಿಗೆ ನಾಡಿಯೂ ಜ್ವರ ತೋರಿಸುತ್ತಿತ್ತು. ಅವಳು ಒಳ್ಳೆಯದೆಂದದ್ದು ತಣ್ಣಗಿರುತ್ತಿತ್ತು. "ಬಾಯಾರ ತಲಿ ಕೊರದು ಒಳಗ ಹಾಕ್ಯಾರೇನೋ" ಎಂದು ಕಚೇರಿಯಲ್ಲಿ ಅವಳನ್ನು ತೋರಿಸಿ ನಗುತ್ತಿದ್ದರು. ಸುಗಂಧಾಗೆ ಮಾತ್ರ ನಗು ಬರುತ್ತಿರಲಿಲ್ಲ. ಬೀದಿಯ ಗುಜುಗುಜು ಕೇಳುವ ಯಂತ್ರಕ್ಕೆ, ತಾನು ಕೋಣೆಯೊಳಗೆ ಕೂತು ಕಂಡದ್ದು ಗೊತ್ತಾಗುವುದಾದರೂ ಹೇಗೆ? ಇಬ್ಬರು ಸಾಕ್ಷಿಗಳು ಅಕ್ಷರಕ್ಕೆ ಅಕ್ಷರ ಒಂದೇ ಮಾತು ಹೇಳಿದರೆ, ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿದ್ದಾರೆ ಎಂದು ಅವಳು ಕಲಿತದ್ದು.

ಒಂದೇ ಒಂದು ಕಡೆ ಇಬ್ಬರಿಗೂ ತಾಳೆಯಾಗಿರಲಿಲ್ಲ. ಕಳೆದ ವರ್ಷ ಹೊಂಬೆಳಗು ಬ್ಯಾಂಕಿನ ಪ್ರಧಾನ ಕಚೇರಿಯಲ್ಲಿ ಅವಳಿಗೆ ಸಾಲಗಾರರ ಹೆಸರುಗಳ ಹಿಂದೆ ಮನುಷ್ಯರೇ ಕಾಣಲಿಲ್ಲ. ಚಹಾ ಬೇಡವೆಂದು ಎದ್ದು ಬಂದು ಕಟುವಾಗಿ ವರದಿ ಬರೆದಳು. ಆದರೆ ನಾಡಿಯಲ್ಲಿ ಹೊಂಬೆಳಗಿನ ಜ್ವರ ತೊಂಬತ್ತೆಂಟನ್ನು ಬಿಟ್ಟು ಅಲ್ಲಾಡಲಿಲ್ಲ. "ನಿಮ್ಮ ಅನುಮಾನಕ್ಕೆ ನಾಡಿಯ ಆಧಾರ ಇಲ್ಲ" ಎಂದು ಮಂಡಳಿ ವರದಿಯನ್ನು ಬದಿಗಿಟ್ಟಿತು. ಆ ಗಾಯ ಅವಳಲ್ಲಿ ಇನ್ನೂ ಹಸಿಯಾಗಿತ್ತು.

ಈ ವರ್ಷ ಹಾಲಗಟ್ಟಿಯ ನೇಕಾರ ಮಹಿಳೆಯರ ಸಹಕಾರಿ ಬ್ಯಾಂಕಿನಲ್ಲಿ ಅವಳಿಗೆ ಒಂದು ಹುಳುಕೂ ಸಿಗಲಿಲ್ಲ. ಮಗ್ಗದ ಹೆಣ್ಣುಮಕ್ಕಳೇ ಕಟ್ಟಿ ನಡೆಸುತ್ತಿದ್ದ ಬ್ಯಾಂಕದು. ಅಧ್ಯಕ್ಷೆ ದಾಕ್ಷಾಯಣಿ ಬನ್ನಿ, ಎಪ್ಪತ್ತರ ಹೊಸ್ತಿಲಲ್ಲಿದ್ದ ಗಟ್ಟಿ ಹೆಂಗಸು, ವರದಿಗೆ ಸಹಿ ಬಿದ್ದೊಡನೆ ತಾನೇ ಕಪ್ಪು-ಬಸಿ ಹಿಡಿದುಕೊಂಡು ಬಂದಳು.

"ತಗೋರಿ ಬಾಯಾರ. ಶುಂಠಿ ಹಾಕಿಸೇನಿ."

ಸುಗಂಧಾಳ ಹೊಟ್ಟೆಯಲ್ಲಿ ಹುಣ್ಣಾಗಿ, ಹದಿನೈದು ದಿನ ಚಹಾ ಮೂಸಿ ಸಹ ನೋಡಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅದನ್ನು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತಪಾಸಣೆಗೆ ಬಂದ ಅಧಿಕಾರಿ ತನ್ನ ಹೊಟ್ಟೆಯ ಕಥೆಯನ್ನು ಬ್ಯಾಂಕಿನವರ ಮುಂದೆ ಬಿಚ್ಚುವುದೇ? ಇವತ್ತು ಹೊಟ್ಟೆಯ ಮಾತು ಆಡಿದರೆ ನಾಳೆ ಔಷಧಿಯ ಬುಟ್ಟಿ ಮನೆಗೆ ಬರುತ್ತದೆ.

"ಬ್ಯಾಡ್ರಿ ಇವತ್ತ" ಎಂದಷ್ಟೇ ಹೇಳಿ ಎದ್ದಳು. ದಾಕ್ಷಾಯಣಿಯ ಮುಖ ಸುಣ್ಣದ ಹಾಗಾದದ್ದನ್ನು ನೋಡಿದಳು. ಬೇಸರವಾಗಿರಬೇಕು, ಮುಂದಿನ ವರ್ಷ ಎರಡು ಕಪ್ಪು ಕುಡಿದರಾಯಿತು ಎಂದುಕೊಂಡು ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ನಿಯಂತ್ರಣ ಕೋಣೆಯಿಂದ ನಾಜ್ನೀನ್ ಮಕಾನದಾರ ಕರೆ ಕಳಿಸಿದಳು. ನಾಡಿಯನ್ನು ನೋಡಿಕೊಳ್ಳುವ ಎಂಜಿನಿಯರು ಅವಳು. ಯಂತ್ರವನ್ನು ಮನೆಯ ಕೂಸಿನಂತೆ ಬೈಯುತ್ತ ಮುದ್ದಿಸುತ್ತ ಇರುವವಳು. ಗೋಡೆಯ ತುಂಬ ಹರಡಿದ ನಕ್ಷೆಯಲ್ಲಿ ಊರುಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು. ಹಾಲಗಟ್ಟಿ ಮಾತ್ರ ಕೆಂಪೇರಿತ್ತು.

"ನೂರಾ ಒಂದು ಆಗೇತ್ರಿ ಮೇಡಮ್. ನಿನ್ನಿ ಸಂಜೀಲಿಂದ ಏರಾಕ ಹತ್ತೇತಿ. ನೀವ ಹೋಗಿದ್ರಲ್ಲ, ಏನರ ಸಿಕ್ಕಿತ್ತೇನ್ರಿ?"

"ಏನೂ ಸಿಗಲಿಲ್ಲ."

"ಮತ್ತ್ಯಾಕ ಹಿಂಗ?"

ಸುಗಂಧಾಗೆ ಮೊದಲು ಬಂದ ಯೋಚನೆಯೆಂದರೆ ತಾನು ಮೋಸ ಹೋದೆ ಎನ್ನುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಷ್ಟು ಸ್ವಚ್ಛವಾಗಿರುವ ಬ್ಯಾಂಕು ಭೂಮಿಯ ಮೇಲೆ ಇರಲು ಹೇಗೆ ಸಾಧ್ಯ? ತನಗೆ ಕಾಣದಂತೆ ಅವರು ಏನನ್ನೋ ಮುಚ್ಚಿಟ್ಟಿದ್ದಾರೆ, ಊರಿಗೆ ಅದು ಗೊತ್ತು, ತನಗೆ ಗೊತ್ತಿಲ್ಲ. ದಾಕ್ಷಾಯಣಿಯ ಮುಖ ಬಿಳಿಚಿದ್ದೂ ಅದಕ್ಕೇ ಇರಬೇಕು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಇಡೀ ಮಧ್ಯಾಹ್ನ ಅವಳು ಹಾಲಗಟ್ಟಿಯ ಲೆಕ್ಕಗಳನ್ನು ಮತ್ತೆ ತೆರೆದು, ಮಗುಚಿ, ಹಿಂಜಿ ನೋಡಿದಳು. ಏನೂ ಇರಲಿಲ್ಲ. ಏನೂ ಇಲ್ಲವೆಂದು ಖಾತ್ರಿಯಾದಷ್ಟೂ ಅವಳ ಅನುಮಾನ ಹೆಚ್ಚಿತು.

ಮನೆಯಲ್ಲಿ ಮುರುಗೇಶ ಅವಳಿಗಾಗಿ ಅನ್ನ ಮೆತ್ತಗೆ ಮಾಡಿ ಮಜ್ಜಿಗೆ ಕಡೆದಿಟ್ಟಿದ್ದ. ಅವನು ನಿವೃತ್ತ ಪಶುವೈದ್ಯ. ಈಗ ಅವನ ಚಿಕಿತ್ಸೆಗೆ ಉಳಿದ ಜೀವ ಹೆಂಡತಿಯದೊಂದೇ.

"ತಾಟಿನ್ಯಾಗ ಏನ ಹುಡಕಾಕತ್ತಿ? ವಿಷಾ ಹಾಕಿಲ್ಲ, ಉಣ್ಣು."

ಅವಳು ಹಾಲಗಟ್ಟಿಯ ಸಂಗತಿ ಹೇಳಿದಳು. ಕಚೇರಿಯ ವಿಷಯ ಮನೆಯಲ್ಲಿ ಆಡುವವಳಲ್ಲ. ಆದರೆ ಅಂದು ತಡೆಯಲಾಗಲಿಲ್ಲ. ಮುರುಗೇಶ ಮಜ್ಜಿಗೆ ಸುರಿದುಕೊಳ್ಳುತ್ತ ಕೇಳಿಸಿಕೊಂಡು ಹೇಳಿದ.

"ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಒಂದು ಎಮ್ಮಿ ಇತ್ತು. ನಾ ಹೋದಾಗೊಮ್ಮೆ ಎದಿಬಡಿತ ವಿಪರೀತ. ಎಲ್ಲಾ ಔಷಧಾ ಕೊಟ್ಟೆ. ಕಡೀಕ ಅದರ ಮಾಲಕ ಹೇಳಿದ, 'ಡಾಕ್ಟರ್ರ, ನೀವು ಬರೂತನಾ ಆರಾಮ ಇರ್ತೈತ್ರಿ. ನಿಮ್ಮ ಚೀಲ ಕಂಡಕೂಡ್ಲೇ ಹಿಂಗ ಮಾಡ್ತೈತಿ.' ಸೂಜಿ ಚುಚ್ಚಿದ್ದು ನೆನಪಿತ್ತು ಅದಕ್ಕ. ನಾ ಅಳೆದದ್ದು ರೋಗ ಅಲ್ಲ, ನನ್ನನ್ನ."

ಸುಗಂಧಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಬೆಳಿಗ್ಗೆ ಅವಳು ನಾಜ್ನೀನಳ ಮುಂದೆ ಕೂತು ಒಂದು ವಿಚಿತ್ರ ಕೆಲಸ ಹೇಳಿದಳು. ನಾಡಿ ಹುಟ್ಟಿದಾಗಿನಿಂದ ಜ್ವರ ಏರಿದ ಗೆರೆಗಳ ಮೇಲೆ ತನ್ನ ಪ್ರವಾಸದ ದಿನಗಳನ್ನು ಇಟ್ಟು ತೋರಿಸು ಎಂದಳು. ನಾಜ್ನೀನ್ ನಕ್ಕಳು. ಗೆರೆಗಳು ಒಂದರ ಮೇಲೊಂದು ಕೂತಾಗ ಆ ನಗು ನಿಂತಿತು. ಯಾವ ಬ್ಯಾಂಕಿನ ಜ್ವರವೂ ಸುಗಂಧಾ ಹೋಗುವ ಮೊದಲು ಏರಿರಲಿಲ್ಲ. ಅವಳು ಊರು ಬಿಟ್ಟ ಸಂಜೆಯೇ ಏರಿತ್ತು. ಅವಳು ಒಪ್ಪಿದ ಬ್ಯಾಂಕುಗಳಲ್ಲಿ, ಅವಳು ಬಂದ ದಿನ ಸ್ವಲ್ಪ ಬೆಚ್ಚಗಾದದ್ದು, ಹೋದ ಸಂಜೆ ತಣ್ಣಗಾಗಿತ್ತು.

"ಅಂದ್ರ ಯಂತ್ರ ಬ್ಯಾಂಕ್ ನೋಡಾಕತ್ತಿಲ್ಲ" ನಾಜ್ನೀನ್ ಮೆಲ್ಲಗೆ ಅಂದಳು. "ನಿಮ್ಮನ್ನ ನೋಡಾಕತ್ತೇತಿ."

"ನಾ ಒಳಗ ಕುಂತು ಬರೆದದ್ದು ಊರಿಗೆ ಹ್ಯಾಂಗ ಗೊತ್ತಾಗ್ತೈತಿ? ವರದಿ ನಾ ಯಾರಿಗೂ ತೋರಸೂದಿಲ್ಲ. ಮಾರಿ ಸೈತ ಕಲ್ಲಿನಂಗ ಇಟಗೊಂಡಿರ್ತೇನಿ."

"ಅದನ್ನ ಹೇಳಾಕ ನಮ್ಮ ಕಂಬಕ್ಕ ಮಾತು ಕೇಳೂದಿಲ್ರಿ. ನಡುಕ ಅಷ್ಟ ಕೇಳತೈತಿ." ನಾಜ್ನೀನ್ ಗೋಡೆ ನೋಡಿ ತುಟಿ ಕಚ್ಚಿಕೊಂಡಳು. "ನೂರಾ ಎರಡೂವರಿ. ಸಂಜೀಗೆ ಬಾಗಿಲ ಬೀಳತೈತ್ರಿ."

ಹಾಲಗಟ್ಟಿಯ ಆ ಬ್ಯಾಂಕು ಸುಗಂಧಾಳ ಕಣ್ಣ ಮುಂದೆ ಬಂತು. ತಪ್ಪಿಲ್ಲದ ಬ್ಯಾಂಕು. ಊರಿನ ಹೆಂಗಸರು ಗಂಡಂದಿರ ಕಣ್ಣು ತಪ್ಪಿಸಿ, ಮಗ್ಗದ ಸದ್ದಿನಲ್ಲಿ ಬದುಕು ಸವೆಸಿ ಕಟ್ಟಿದ್ದು. ಸಂಜೆಗೆ ಅದು ಇರುವುದಿಲ್ಲ. ಅವಳಿಗೆ ಹೆದರಿಕೆಯಾಯಿತು. ಅವಳು ಹಾಲಗಟ್ಟಿಗೆ ಹತ್ತಿದ ಚಾಲಕನಿಲ್ಲದ ಬಸ್ಸು ಎಂದಿನ ಹಾಗೆ ಪ್ರತಿ ಹಳ್ಳಿಯ ಕಟ್ಟೆಗೂ ನಿಂತು ನಿಂತು ಹೊರಟಾಗ, ಜೀವಮಾನದಲ್ಲಿ ಮೊದಲ ಸಲ ಅವಳು ಒಬ್ಬ ಚಾಲಕ ಇದ್ದಿದ್ದರೆ ಬೈಯಬಹುದಿತ್ತು ಎಂದುಕೊಂಡಳು.

ಹಾಲಗಟ್ಟಿಯ ಪೇಟೆಯಲ್ಲಿ ಮಗ್ಗದ ಸದ್ದು ನಿಂತಿತ್ತು. ಬ್ಯಾಂಕಿನ ಮುಂದೆ ಹೆಂಗಸರ ಸಂತೆ. ಅವರಿಂದ ಹತ್ತು ಮಾರು ಆಚೆ, ಹೊಂಬೆಳಗು ಬ್ಯಾಂಕಿನ ಹಳದಿ ಡೇರೆಯೊಂದು ಆಗಲೇ ಎದ್ದು ನಿಂತಿತ್ತು: 'ನಿಮ್ಮ ಠೇವಣಿಗೆ ನಮ್ಮ ಆಸರೆ'. ಡೇರೆಯೊಳಗೆ ಅಧ್ಯಕ್ಷ ಗುರುಪಾದ ಅಂಕಲಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಲ್ಲರಿಗೂ ಕೈ ಮುಗಿಯುತ್ತ ಕೂತಿದ್ದ. ಇನ್ನೂ ಉಸಿರಾಡುತ್ತಿರುವವರ ಮನೆಯ ಮುಂದೆ ಚಟ್ಟ ಕಟ್ಟಲು ಬಂದವನನ್ನು ನೋಡಿದಂತಾಗಿ ಸುಗಂಧಾಳ ಮೈ ಉರಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬ್ಯಾಂಕಿನ ಎದುರಿಗಿದ್ದ ಕಸ್ತೂರೆವ್ವನ ಚಹಾದಂಗಡಿಯ ಬೆಂಚಿನ ತುದಿಯಲ್ಲಿ ಕೂತಳು.

ಅಂಗಡಿಯ ತುಂಬ ಒಂದೇ ಮಾತು.

"ಹುರಕಡ್ಲಿ ಬಾಯಾರು ಮುಟ್ಟಲಿಲ್ಲಂತ."

"ಮುಟ್ಟೂದ ಒತ್ತಟ್ಟಿಗಿರ್ಲಿ, ಮೂಸಿ ಸೈತ ನೋಡಲಿಲ್ಲಂತ!"

"ನಾನ ಕಂಡೇನಲ್ಲ" ಕಸ್ತೂರೆವ್ವ ಸೌಟು ಎತ್ತಿ ಹೇಳಿದಳು. "ಶುಂಠಿ ಹಾಕಿ ಮಾಡಿಕೊಟ್ಟಿದ್ದೆ. ಕಪ್ಪು-ಬಸಿ ಹೆಂಗ ಹೋಗಿತ್ತೋ ಹಂಗ ತುಂಬಿ ವಾಪಸ್ ಬಂತು. ಕೆನಿ ಕಟ್ಟಿತ್ತು ಮ್ಯಾಲ. ಈ ಗಟಾರದಾಗ ಚೆಲ್ಲಿದೆ. ಚೆಲ್ಲೂದನ್ನ ಓಣಿ ಎಲ್ಲಾ ನೋಡ್ತು."

ಸುಗಂಧಾಗೆ ಆಗ ಹೊಳೆಯಿತು. ಯಾವ ಬ್ಯಾಂಕಿನಲ್ಲೂ ಚಹಾ ಒಳಗೆ ಕಾಯಿಸುತ್ತಿರಲಿಲ್ಲ. ಎದುರಿನ ಅಂಗಡಿಯಿಂದ ಬರುತ್ತಿತ್ತು, ಎದುರಿನ ಅಂಗಡಿಗೇ ಮರಳುತ್ತಿತ್ತು. ಎಲ್ಲ ಊರಿನಲ್ಲೂ. ಇಷ್ಟು ವರ್ಷ ತಾನು ಗುಟ್ಟಾಗಿ ಬರೆದ ತೀರ್ಪನ್ನು, ಒಂದು ಕಪ್ಪು-ಬಸಿ ನಡುಬೀದಿಯಲ್ಲಿ ಸಾರುತ್ತ ಹೋಗಿತ್ತು. ಗೋಡೆಗಳಿಗೆ ಕಿವಿ ಇದೆಯೆಂದು ಹುಷಾರಾಗಿದ್ದವಳು ಬಾಗಿಲು ತೆರೆದೇ ಕೂತಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅವಳು ಸೆರಗು ಸರಿಸಿ ಎದ್ದು ನಿಂತಳು. "ನೋಡ್ರಿ, ನಾನ ಸುಗಂಧಾ ಹುರಕಡ್ಲಿ. ಬ್ಯಾಂಕಿನ್ಯಾಗ ಏನೂ ತಪ್ಪಿಲ್ಲ. ನನಗ ಹೊಟ್ಟ್ಯಾಗ ಹುಣ್ಣಾಗೇತಿ, ಡಾಕ್ಟರ್ ಚಾ ಬ್ಯಾಡಂದಾರ. ಅಷ್ಟ."

ಗುಂಪು ಅವಳನ್ನು ಮೇಲಿಂದ ಕೆಳಗೆ ನೋಡಿತು. ಯಾರೂ ನಂಬಲಿಲ್ಲ. ಅವಳಿಗೆ ತನ್ನದೇ ಕಣ್ಣುಗಳು ಎದುರಿಗೆ ನಿಂತು ನೋಡಿದಂತೆ ಅನ್ನಿಸಿತು.

"ಹುಣ್ಣಂತ ಹುಣ್ಣು" ಒಬ್ಬ ಮುದುಕಿ ಗೊಣಗಿದಳು. "ಸರಕಾರದವರು ಖರೆ ಹೇಳಿದ್ದು ಯಾವಾಗ?"

"ಮ್ಯಾಲಿನವರು ಹೇಳಿ ಕಳಿಸಿರ್ತಾರ್ರಿ, ಮಂದೀನ ಸುಮ್ನಿರಿಸು ಅಂತ."

ದಾಕ್ಷಾಯಣಿ ಬನ್ನಿ ಗುಂಪು ಸೀಳಿಕೊಂಡು ಬಂದಳು. ಎರಡು ದಿನದಲ್ಲಿ ಅವಳು ಹತ್ತು ವರ್ಷ ಮುಪ್ಪಾಗಿದ್ದಳು. ಬೈಯಲಿಲ್ಲ, ಅಳಲಿಲ್ಲ. ಕೈ ಹಿಡಿದುಕೊಂಡು ಇಷ್ಟೇ ಅಂದಳು: "ಬಾಯಿಮಾತು ಬ್ಯಾಡ್ರಿ ಬಾಯಾರ. ಚಾ ಕುಡೀರಿ."

ಸುಗಂಧಾ ಕಸ್ತೂರೆವ್ವನ ಕಡೆ ತಿರುಗಿದಳು. "ಒಂದು ಕಪ್ಪು ಹಾಕ್ರಿ. ಶುಂಠಿ ಇರಲಿ."

ಬ್ಯಾಂಕಿನ ಮೆಟ್ಟಿಲ ಮೇಲೆ, ದಾಕ್ಷಾಯಣಿಯ ಪಕ್ಕದಲ್ಲಿ ಕೂತು, ಸುಗಂಧಾ ಆ ಚಹಾವನ್ನು ಕುಡಿದಳು. ಮೊದಲ ಗುಟುಕಿಗೇ ಹೊಟ್ಟೆಯಲ್ಲಿ ಕೆಂಡ ಉರುಳಿದಂತಾಯಿತು. ಮುಖ ಕಲ್ಲಿನಂತಿಟ್ಟುಕೊಳ್ಳುವ ವಿದ್ಯೆ ಅಂದು ಉಪಯೋಗಕ್ಕೆ ಬಂತು. ಬಸಿಗೆ ಬಗ್ಗಿಸಿ, ಊದಿ ಊದಿ, ಕಡೆಯ ಹನಿಯವರೆಗೂ ಕುಡಿದು ಕಪ್ಪನ್ನು ಬೋರಲು ಮಾಡಿ ತೋರಿಸಿದಳು. ಯಾರೋ "ಆತು ಬಿಡ್ರಿ" ಎಂದು ನಕ್ಕರು. ಸಾಲಿನ ತುದಿಯಿಂದ ಒಬ್ಬಳು ಮನೆಗೆ ಹೊರಟಳು, ಅವಳ ಹಿಂದೆ ಇನ್ನೊಬ್ಬಳು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಈಯಲಿಲ್ಲ ಎಂದರೂ ಅಷ್ಟೇ ಬೇಗ ನಂಬಿದ್ದರು.

ಮೊಬೈಲಿನಲ್ಲಿ ನಾಜ್ನೀನ್ ಕೂಗಿದಳು: "ಇಳ್ಯಾಕತ್ತೇತ್ರಿ! ನೂರಾ ಮೂರರಿಂದ ನೂರಾ ಒಂದಕ್ಕ ಬಂತು! ಏನ್ ಮಾಡಿದ್ರಿ ಮೇಡಮ್?"

"ಚಾ ಕುಡದೆ."

ಖಾಲಿ ಕಪ್ಪು ತೆಗೆದುಕೊಳ್ಳಲು ಬಂದ ಕಸ್ತೂರೆವ್ವ ಖುಷಿಯಲ್ಲಿದ್ದಳು. "ಹೊಂಬೆಳಗಿನ ಚಾಕ್ಕಿಂತ ನಮ್ಮದ ಛಲೋ ಇರಬೇಕಲ್ರಿ? ಅಲ್ಲಿ ನೀವು ಹೋದ ವರ್ಷ ಎರಡ ಕಪ್ ಕುಡದ್ರಂತ. ಊರೂರಾಗ ಸುದ್ದಿ ಆಗಿತ್ತು."

ಅಲ್ಲಿ ಸುಗಂಧಾ ಹನಿಯನ್ನೂ ಮುಟ್ಟಿರಲಿಲ್ಲ. ನೆನಪು ತಾನಾಗಿ ಬಿಚ್ಚಿಕೊಂಡಿತು: ಕಾರು ಹತ್ತಿ ತಿರುಗಿ ನೋಡಿದಾಗ, ಗುರುಪಾದ ಅಂಕಲಗಿ ಎರಡು ಕೈಯಲ್ಲಿ ಎರಡು ಖಾಲಿ ಕಪ್ಪು ಹಿಡಿದು ತಾನೇ ಬೀದಿ ದಾಟುತ್ತಿದ್ದ. ಅಷ್ಟು ದೊಡ್ಡ ಬ್ಯಾಂಕಿನ ಅಧ್ಯಕ್ಷ ಎಂಜಲು ಕಪ್ಪು ಹೊರುತ್ತಾನಲ್ಲ, ಏನು ವಿನಯ ಎಂದು ಅವಳು ಅಂದುಕೊಂಡಿದ್ದಳು. ಎಲ್ಲರನ್ನೂ ಅನುಮಾನಿಸಿದವಳು ವಿನಯವನ್ನು ಅನುಮಾನಿಸಲಿಲ್ಲ. ಅವನಿಗೆ ಕಪ್ಪಿನ ಗುಟ್ಟು ಗೊತ್ತಿತ್ತು. ಅವಳಿಗಿಂತ ಮೊದಲೇ ಗೊತ್ತಿತ್ತು.

ಅಷ್ಟರಲ್ಲಿ ಅಂಕಲಗಿಯೇ ನಗುತ್ತ ಬಂದ. "ಬಾಯಾರ, ಛಲೋ ಮಾಡಿದ್ರಿ. ಹಂಗಂದ್ರ ನಮಗ ಇಲ್ಲಿ ಏನ ಕೆಲಸಾ! ಬರ್ರಿ, ನಮ್ಮ ಡೇರೆದಾಗೂ ಒಂದ್ ಕಪ್ ತಗೊಂಡು ಹೋಗ್ರಿ. ಮಂದಿ ನೋಡಾಕತ್ತಾರ."

ಮಂದಿ ನೋಡುತ್ತಿದ್ದರು. ಬೇಡವೆಂದು ಹುಬ್ಬಳ್ಳಿಗೆ ಹೊರಟುಬಿಡಬಹುದಿತ್ತು. ಆಮೇಲೆ ಅವನು ಬಾಯಾರು ಮೂರು ಕಪ್ಪು ಕುಡಿದರೆಂದು ಹೇಳುತ್ತಿದ್ದ. ಸುಗಂಧಾ ಹೋಗಿ ಕುರ್ಚಿಯಲ್ಲಿ ಕೂತಳು. ಕಸ್ತೂರೆವ್ವ ಹೊಸ ಕಪ್ಪು-ಬಸಿ ತಂದು ಮುಂದಿಟ್ಟಳು. ಹಬೆ ಏಳುತ್ತಿತ್ತು. ಇದನ್ನು ಮುಟ್ಟದಿದ್ದರೆ ಏನಾಗುತ್ತದೆಂದು ಈಗ ಅವಳಿಗೆ ಗೊತ್ತು. ಹೊಂಬೆಳಗಿನಲ್ಲೂ ಬಡವರ ಹಣವಿದೆ. ಅವರೂ ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ, ಅಳುತ್ತಾರೆ. ಆದರೆ ಬಾಗಿಲು ಮುಚ್ಚಿದರೆ ಇನ್ನೂ ಉಳಿದದ್ದು ಒಳಗೇ ಉಳಿಯುತ್ತದೆ, ಯಾರ ಒಪ್ಪಿಗೆಯೂ ಬೇಡದೆ ತನಿಖೆ ಶುರುವಾಗುತ್ತದೆ. ಮುಚ್ಚದಿದ್ದರೆ ಇವನು ಅದನ್ನೂ ಬರಿದು ಮಾಡುತ್ತಾನೆ, ಮಂಡಳಿ ಹಸಿರು ದೀಪ ನೋಡಿಕೊಂಡು ಕೂತಿರುತ್ತದೆ. ಇದು ನ್ಯಾಯವೋ, ಬದಿಗಿಟ್ಟ ವರದಿಯ ಸಿಟ್ಟೋ? ಅವಳು ತನ್ನನ್ನೂ ಅನುಮಾನಿಸಿ ನೋಡಿದಳು. ಎರಡೂ ಇತ್ತು. ಆದರೆ ವರದಿಯಲ್ಲಿ ಬರೆದದ್ದು ಖರೆ ಇತ್ತು.

ಅವಳು ಕಪ್ಪನ್ನು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದಳು.

"ಬ್ಯಾಡ್ರಿ."

ಅಂಕಲಗಿಯ ನಗು ಬತ್ತಿತು. ಅವನು ಥಟ್ಟನೆ ಎದ್ದು ಜನರ ಕಡೆ ತಿರುಗಿ, "ಬಾಯಾರಿಗೆ ಹೊಟ್ಟ್ಯಾಗ ಹುಣ್ಣೈತ್ರಿ, ಈಗ ಅವರ ಹೇಳಿದ್ರಲ್ಲ! ಅದಕ್ಕ..." ಎಂದ.

ಕರುಳಿನಲ್ಲಿ ಬೆಂಕಿ ಸುತ್ತುತ್ತಿತ್ತು. ಹಣೆಯಲ್ಲಿ ಬೆವರೊಡೆದಿತ್ತು. ಸುಗಂಧಾ ಸೆರಗಿನಿಂದ ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ, ತನ್ನ ಉದ್ಯೋಗದ ಮೊದಲ ಸುಳ್ಳು ಹೇಳಿದಳು.

"ಹೊಟ್ಟಿ ಈಗ ಆರಾಮ ಐತ್ರಿ."

ಅಂಕಲಗಿ ಕಪ್ಪಿಗೆ ಕೈ ಹಾಕಿದ. "ಇರ್ಲಿ, ನಾನ ಒಯ್ದು ಕೊಡ್ತೇನಿ."

"ಬ್ಯಾಡ. ಹೋದ ಸಲ ನೀವ ಒಯ್ದಿದ್ರಿ. ಕಸ್ತೂರೆವ್ವಾ, ನೀವ ತಗೊಂಡು ನಡೀರಿ."

ಕಸ್ತೂರೆವ್ವ ಕಪ್ಪು-ಬಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಒಂದು ಹನಿಯೂ ತುಳುಕದಂತೆ, ತುಂಬಿದ ಕೊಡ ಹೊತ್ತವಳಂತೆ ಬೀದಿ ದಾಟಿದಳು. ಓಣಿಯ ಅಷ್ಟೂ ಕಣ್ಣುಗಳು ಆ ಕಪ್ಪಿನ ಹಿಂದೆ ಹೋದವು.

ಮೂರನೆಯ ದಿನ ಹೊಂಬೆಳಗಿನ ಜ್ವರ ನೂರಾನಾಲ್ಕು ದಾಟಿತು. ಬಾಗಿಲುಗಳು ಬಿದ್ದವು, ತನಿಖೆಯವರು ಒಳಹೊಕ್ಕರು. ಒಳಗೆ ಉಳಿದದ್ದು ಬಹಳವಿರಲಿಲ್ಲ. ಆದರೆ ಸಾಮಾನ್ಯ ಠೇವಣಿದಾರರಿಗೆ ಸಲ್ಲುವಷ್ಟು ಇತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಅದೂ ಇರುತ್ತಿರಲಿಲ್ಲ ಎಂದರು. ಅಂಕಲಗಿಯನ್ನು ಹಿಡಿದದ್ದು ವಿಮಾನ ನಿಲ್ದಾಣದಲ್ಲಿ.

ಸುಗಂಧಾ ಮಂಡಳಿಗೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದಳು. ನಾಡಿ ಸುಳ್ಳು ಹೇಳುವುದಿಲ್ಲ, ಊರಿಗೆ ಜ್ವರ ಬಂದದ್ದು ನಿಜ, ಆದರೆ ಜ್ವರ ಬರಿಸುತ್ತಿರುವುದು ನನ್ನ ಚಹಾ. ದಯವಿಟ್ಟು ಈ ಯಂತ್ರವನ್ನು ನಿಲ್ಲಿಸಿ ಎಂದಳು. ಒಂದು ವಾರದ ಮೇಲೆ ಮಂಡಳಿಯ ಅಧ್ಯಕ್ಷರೇ ಸಂಜೆ ಅವಳ ಮನೆಗೆ ಕರೆ ಮಾಡಿದರು. ಹೊಂಬೆಳಗನ್ನು ನಾಡಿ ಅಚ್ಚುಕಟ್ಟಾಗಿ ಹಿಡಿದದ್ದಕ್ಕೆ ದಿಲ್ಲಿಯಿಂದ ಪ್ರಶಂಸೆ ಬಂದಿದೆ, ಇನ್ನೂ ನಾಲ್ಕು ಜಿಲ್ಲೆಗಳಿಗೆ ವಿಸ್ತರಿಸುತ್ತಿದ್ದೇವೆ ಎಂದರು. ಅವಳ ನಿವೃತ್ತಿಯನ್ನು ಮುಂದಕ್ಕೆ ಹಾಕಿದ್ದೇವೆ ಎಂದರು. ಕಡೆಗೆ ದನಿ ತಗ್ಗಿಸಿ ಕೇಳಿದರು: "ಅಂದ ಹಾಗೆ ಮೇಡಮ್, ಮುಂದಿನ ತಿಂಗಳು ಒಂದೆರಡು ಬ್ಯಾಂಕುಗಳಿ‌ವೆ. ನಮ್ಮವರದೇ. ಹೊಟ್ಟೆ ಈಗ ಪೂರ್ತಿ ವಾಸಿಯಾಗಿದೆ ತಾನೇ?"

ಅವಳು ಫೋನು ಇಟ್ಟಳು. ಇಷ್ಟು ವರ್ಷ ಅವಳು ಜಗತ್ತನ್ನು ಕಾವಲು ಕಾದಿದ್ದಳು; ಈಗ ಜಗತ್ತು ಅವಳ ಗಂಟಲನ್ನು ಕಾಯುತ್ತಿತ್ತು.

ಮುರುಗೇಶ ತಣ್ಣನೆಯ ಮಜ್ಜಿಗೆ ತಂದು ಮುಂದಿಟ್ಟ. ಅವಳು ಲೋಟವನ್ನು ನೋಡಿದಳು, ಮುಟ್ಟಲಿಲ್ಲ.

"ಕುಡಿ" ಎಂದ ಅವನು. "ಇಲ್ಲೆ ಯಾರೂ ನೋಡೂದಿಲ್ಲ."

ಸುಗಂಧಾ ಕಿಟಕಿಯ ಕಡೆ ನೋಡಿದಳು. ಎದುರು ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಇತ್ತಲೇ ತಿರುಗಿದ್ದರು. ಅವರ ತಲೆಯ ಮೇಲೆ ಬೀದಿ ದೀಪದ ಕಂಬ ಆಗಷ್ಟೇ ಹೊತ್ತಿಕೊಂಡಿತ್ತು. ಅವಳು ಎದ್ದು ಹೋಗಿ ಪರದೆ ಎಳೆದಳು. ಆಮೇಲೆ ಮಜ್ಜಿಗೆ ಕುಡಿದಳು.